ಭೀಮೆಯ ಆಚೆ ದಡ: ತರುಣರ ಶಿಬಿರ ಚಳವಳಿಯ ಮೂಲ ಮತ್ತು ಅಫಜಲಪುರ ಸೀಮೆ

1907ರಲ್ಲಿ ಬೇಡನ್ ಪೊವೆಲ್ ಬ್ರೌನ್‌ಸೀ ದ್ವೀಪದಲ್ಲಿ ನಡೆಸಿದ ಸ್ಕೌಟ್ ಶಿಬಿರ, 1909ರಲ್ಲಿ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಕ್ಯಾಪ್ಟನ್ ಬೇಕರ್ ಕಟ್ಟಿದ ದಳ, 1950ರಲ್ಲಿ ಒಂದಾದ ಭಾರತ್ ಸ್ಕೌಟ್ಸ್, ಮರುವರ್ಷ ಅದರೊಡನೆ ಸೇರಿದ ಗೈಡ್ಸ್: ಇವೆಲ್ಲ ಪುಸ್ತಕಗಳಲ್ಲಿ ಸಿಗುತ್ತವೆ. ನನ್ನ ತಕರಾರು ಈ ಸರಪಳಿಯನ್ನೇ ಇಡೀ ಕನ್ನಡನಾಡಿನ ಚರಿತ್ರೆಯೆನ್ನುವವರ ಜೊತೆ. ಬೆಂಗಳೂರಿನ ಆ ಮೊದಲ ದಳ ಐರೋಪ್ಯ ಮತ್ತು ಆಂಗ್ಲೋ-ಇಂಡಿಯನ್ ಮಕ್ಕಳದು. ಭಾರತೀಯ ಹುಡುಗರಿಗೆ ಬಾಗಿಲು ಮುಚ್ಚಿದ್ದರಿಂದಲೇ 1916ರಲ್ಲಿ ಮದ್ರಾಸಿನಲ್ಲಿ ಅನಿಬೆಸೆಂಟ್, ಆಮೇಲೆ ಉತ್ತರದಲ್ಲಿ ಮಾಳವೀಯ, ಕುಂಜ್ರು, ಶ್ರೀರಾಮ ಬಾಜಪೇಯಿ ಬೇರೆ ಸಂಘಗಳನ್ನು ಕಟ್ಟಬೇಕಾಯಿತು.

ನಮ್ಮ ಕಲ್ಯಾಣ ಕರ್ನಾಟಕದ ಮಟ್ಟಿಗೆ ಇದಕ್ಕಿಂತ ಹತ್ತಿರದ ಮೂಲ ಹುಬ್ಬಳ್ಳಿಯಲ್ಲಿದೆ ಎಂಬುದು ನನ್ನ ವಾದ. 1923ರ ನಾಗಪುರ ಧ್ವಜ ಸತ್ಯಾಗ್ರಹದಲ್ಲಿ ಜೈಲು ಸೇರಿದ ಡಾ. ನಾ.ಸು. ಹರ್ಡೀಕರ್ ಮತ್ತು ಅವರ ಹುಬ್ಬಳ್ಳಿಯ ಸಂಗಡಿಗರು ಕ್ಷಮೆ ಬರೆದುಕೊಡಲು ಒಪ್ಪಲಿಲ್ಲ. ಅದೇ ವರ್ಷದ ಕೊನೆಗೆ ಕಾಕಿನಾಡ ಕಾಂಗ್ರೆಸ್ ಅಧಿವೇಶನದ ಹೊತ್ತಿಗೆ ಹಿಂದೂಸ್ತಾನಿ ಸೇವಾದಳ ರೂಪುಗೊಂಡಿತು. 1924ರ ಬೆಳಗಾವಿ ಅಧಿವೇಶನದ ವ್ಯವಸ್ಥೆಗೆ ಅದರ ಸ್ವಯಂಸೇವಕರು ದುಡಿದರು. ಬಾಗಲಕೋಟೆಯಲ್ಲಿ ತರಬೇತಿ ನಡೆಯಿತು. ಮಹಿಳಾ ವಿಭಾಗವನ್ನು ಉಮಾಬಾಯಿ ಕುಂದಾಪುರ ಮುನ್ನಡೆಸಿದರು. ಸಮವಸ್ತ್ರ, ಕವಾಯತು, ಶಿಬಿರ ಎಲ್ಲವೂ ಸ್ಕೌಟಿನಿಂದ ಬಂದವು, ಆದ್ದರಿಂದ ಸೇವಾದಳ ಅದರದೇ ಕೊಂಬೆ ಎನ್ನುತ್ತಾರೆ. ಒಪ್ಪಲಾರೆ. ಸ್ಕೌಟಿನ ಜೀವಾಳ ಆರೆಂಟು ಹುಡುಗರ ತುಕಡಿ ಮತ್ತು ದೊರೆಗೆ ನಿಷ್ಠೆಯ ಪ್ರತಿಜ್ಞೆ, ಸೇವಾದಳದ್ದು ರಾಷ್ಟ್ರಧ್ವಜ. 1932ರಲ್ಲಿ ಬ್ರಿಟಿಷ್ ಸರ್ಕಾರ ನಿಷೇಧಿಸಿದ್ದು ಸೇವಾದಳವನ್ನು, ಸ್ಕೌಟನ್ನಲ್ಲ. ಎರಡನ್ನೂ ಬೇರ್ಪಡಿಸಿ ನೋಡುವುದು ಆಳುವವರಿಗೆ ಗೊತ್ತಿತ್ತು.

ಅಫಜಲಪುರಕ್ಕೆ ಇದರ ಸಂಬಂಧವೇನು, ಇದು ನಿಜಾಮನ ಸೀಮೆಯಲ್ಲವೇ ಎಂಬ ಆಕ್ಷೇಪ ಹೆಚ್ಚು ಬಲವಾದದ್ದು. ನಿಜ, ನಿಜಾಮನ ಹೈದರಾಬಾದ್ ಸಂಸ್ಥಾನದ ಶಾಲೆಗಳಲ್ಲೂ ಸ್ಕೌಟಿಂಗ್ ಇತ್ತು. ಆದರೆ ಅದು ಸರ್ಕಾರದ ನೆರಳಿನಲ್ಲಿ ಬೆಳೆದದ್ದು. ಸಭೆ ಸೇರಲು ಗಸ್ತಿ ನಿಶಾನ್ 53 ಎಂಬ ಸರ್ಕಾರಿ ಸುತ್ತೋಲೆಯ ಕಟ್ಟು. ಖಾಸಗಿ ಶಾಲೆಗೂ ಅಖಾಡಕ್ಕೂ ಅಪ್ಪಣೆ ಬೇಕು. ಇಂಥ ನೆಲದಲ್ಲಿ ಸ್ವತಂತ್ರ ತರುಣ ದಳದ ದಾಖಲೆಯನ್ನು ಈಚೆ ದಡದ ಕಡತಗಳಲ್ಲಿ ಹುಡುಕಿ, ಸಿಗದಿದ್ದಾಗ ಚಳವಳಿಯೇ ಇರಲಿಲ್ಲವೆಂದು ತೀರ್ಪು ಕೊಡುವುದು ನ್ಯಾಯವಲ್ಲ. ಭೀಮೆ ದಾಟಿದರೆ ಇಂಡಿ, ಸಿಂದಗಿ; ಅದು ಆಗ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆ. 1947-48ರಲ್ಲಿ ನಿಜಾಮನ ಪರವಾಗಿದ್ದ ರಜಾಕಾರ ಪಡೆಯ ವಿರುದ್ಧದ ಶಿಬಿರಗಳು ಎದ್ದದ್ದು ಇಂಥ ಗಡಿಯಾಚೆಯ ನೆಲದಲ್ಲೇ: ಮುಂಡರಗಿಯಲ್ಲಿ ಅಳವಂಡಿ ಶಿವಮೂರ್ತಿಸ್ವಾಮಿಗಳದು, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರದು. ಎರಡೂ ಊರು ಆಗ ಧಾರವಾಡ ಜಿಲ್ಲೆಯವು, ಹರ್ಡೀಕರರ ಜಿಲ್ಲೆಯವು. ಆ ಶಿಬಿರಗಳು ಬಂದೂಕು ಹಿಡಿದವು, ಸೇವಾದಳ ಹಿಡಿಯಲಿಲ್ಲ. ಈ ವ್ಯತ್ಯಾಸವನ್ನು ಮುಚ್ಚಿಡಬೇಕಿಲ್ಲ. ನಾನು ಹೇಳುವ ನಂಟು ಸಂಘಟನೆಯದಲ್ಲ, ಅಭ್ಯಾಸದ್ದು: ಮನೆಬಿಟ್ಟು ಒಂದೆಡೆ ಉಣ್ಣುವುದು, ಸರದಿ ಕಾವಲು, ನಾಯಕನ ಮಾತಿಗೆ ಕಟ್ಟುಬೀಳುವುದು. ಕಾಲು ಶತಮಾನ ಆ ನೆಲದಲ್ಲಿ ರೂಢಿಯಾಗಿದ್ದ ಶಿಸ್ತು ನಿಷೇಧದಿಂದ ಅಳಿಯುವಂಥದ್ದಲ್ಲ.

ನಿಜಾಮನ ಆಳ್ವಿಕೆ ಕೊನೆಗೊಂಡ 1948ರ ಸೆಪ್ಟೆಂಬರ್ 17ರಂದು ಹದಿನೈದು ವರ್ಷದವರಾಗಿದ್ದವರಿಗೆ ಈಗ ತೊಂಬತ್ತು ದಾಟಿದೆ. ಆಳಂದ, ಅಫಜಲಪುರ, ಜೇವರ್ಗಿಯ ಶಿಕ್ಷಕರು ತಮ್ಮ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೊಳೆಯ ಎರಡೂ ದಡದ ಊರುಗಳಿಗೆ ಹೋಗಿ, ಕಡತಗಳಲ್ಲಿ ಸಿಗದ ಆ ಹಿರಿಯರ ನೆನಪುಗಳನ್ನು ಈ ವರ್ಷವೇ ಬರೆದಿಡಬೇಕೆಂದು ಕೇಳಿಕೊಳ್ಳುತ್ತೇನೆ.