ಹಗ್ಗ ಕಟ್ಟುವವನು ಯಾರು?

(ಸಂಘದ ಸದಸ್ಯರ ಸಭೆಯಲ್ಲಿ ಉಪಸಮಿತಿಯ ಪರವಾಗಿ ಮಾಡಿದ ಭಾಷಣ)



ಬೇಸಿಗೆ ಶಿಬಿರಕ್ಕೆ ಬರುವ ನಮ್ಮ ಮಕ್ಕಳಿಗಾಗಿ ಒಂದು ಸಾಹಸದ ಅಂಗಳವನ್ನು ಕಟ್ಟಿಸಬೇಕೆಂದು ಕಳೆದ ಸಭೆಯಲ್ಲಿ ಠರಾವಾಯಿತಷ್ಟೆ. ಹಗ್ಗದ ಸೇತುವೆ, ಬಲೆಯ ಏಣಿ, ಉಕ್ಕಿನ ತಂತಿಯ ಮೇಲೆ ರಾಟೆಗೆ ಜೋತುಬಿದ್ದು ಜಾರುವ ಜಿಪ್‌ಲೈನು, ಇವು ಅದರಲ್ಲಿ ಇರತಕ್ಕವು. ಗುತ್ತಿಗೆದಾರರಿಂದ ದರಪಟ್ಟಿ ತರಿಸಿ, ಯಾರಿಗೆ ಕೆಲಸ ಕೊಡಬೇಕೆಂದು ಸೂಚಿಸುವ ಹೊಣೆಯನ್ನು ನಮ್ಮ ಮೂವರ ಮೇಲೆ ಹೊರಿಸಿದಿರಿ. ಮೂರು ದರಪಟ್ಟಿಗಳು ಬಂದಿವೆ. ಎಲ್ಲರಿಗಿಂತ ಕಡಮೆ ಹೇಳಿದವನಿಗೆ ಕೊಟ್ಟು ಮುಗಿಸಿರೆಂದು ಹಲವರು ನಮಗೆ ಸಲಹೆ ಮಾಡಿದ್ದೂ ಉಂಟು. ಹಾಗೆ ಮಾಡಲು ನಮ್ಮ ಮನಸ್ಸು ಒಪ್ಪಲಿಲ್ಲ. ಏಕೆ ಒಪ್ಪಲಿಲ್ಲವೆಂದು ತಿಳಿಸುವುದಕ್ಕೇ ಎದ್ದು ನಿಂತಿದ್ದೇವೆ.

ಮೊದಲು ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಎರಡು ವರ್ಷಗಳ ಕೆಳಗೆ ಮಕ್ಕಳನ್ನು ಕರೆದುಕೊಂಡು ಮುಳಶಿಯ ಕಡೆ ಒಂದು ತಾಣಕ್ಕೆ ಹೋಗಿದ್ದೆವು. ಹೆಸರು ಬೇಡ. ಒಬ್ಬ ಹುಡುಗ ಜಿಪ್‌ಲೈನಿನಲ್ಲಿ ಜಾರಿ ಆಚೆಯ ದಂಡೆಗೆ ಬಂದಾಗ ನೋಡುತ್ತೇವೆ, ಅವನ ಸೊಂಟಪಟ್ಟಿಯ ಬಕಲಿನಲ್ಲಿ ಪಟ್ಟಿಯನ್ನು ಒಂದೇ ಸುತ್ತು ಹಾಕಿದ್ದರು, ಹಿಂದಿರುಗಿಸಿ ಹಾಕಿರಲಿಲ್ಲ. ಕೈಯಿಂದ ಎಳೆದರೆ ಪಟ್ಟಿ ಜಾರುತ್ತಿತ್ತು. ಹುಡುಗ ನಗುತ್ತಿದ್ದ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅಷ್ಟರಲ್ಲಿ ಚಹ ಬಂತು. ಏನೂ ಆಗಲಿಲ್ಲವಲ್ಲ ಎಂದು ಸುಮ್ಮನಾದೆವು. ಮೂವತ್ತು ವರ್ಷ ಕ್ರೇನಿನ ಕೆಳಗೆ ದುಡಿದು, ಸವೆದ ಕೊಂಡಿಗಾಗಿ ಮೇಸ್ತ್ರಿಯೊಡನೆ ಜಗಳವಾಡಿದ ನಾವು, ನಮ್ಮ ಮಗುವಿನ ಕೊಂಡಿಯ ವಿಷಯದಲ್ಲಿ ಬಾಯಿ ಬಿಡಲಿಲ್ಲ. ಆ ಮೌನ ಇಂದಿಗೂ ನಮ್ಮನ್ನು ಚುಚ್ಚುತ್ತಿದೆ.

ಈ ಊರಿನಲ್ಲಿ ಹಗ್ಗದ ಮಾತೆತ್ತಿದರೆ ಸಿಂಹಗಡ ನೆನಪಿಗೆ ಬಾರದಿರದು. 1670ರಲ್ಲಿ ತಾನಾಜಿ ಮಾಲುಸರೆಯ ಸೈನಿಕರು ಕಡಿದಾದ ಬಂಡೆಯನ್ನು ಹಗ್ಗ ಹಿಡಿದು ಏರಿದರೆಂದೂ, ತಾನಾಜಿ ಬಿದ್ದ ಮೇಲೆ ಯಾರೂ ಹಿಂದಕ್ಕೆ ಓಡದಂತೆ ತಮ್ಮ ಸೂರ್ಯಾಜಿ ಆ ಹಗ್ಗವನ್ನೇ ಕತ್ತರಿಸಿದನೆಂದೂ ಐತಿಹ್ಯವಿದೆ. ಅವರು ಸಾಯಲು ಸಿದ್ಧರಾಗಿ ಹೋದವರು. ನಮ್ಮ ಮಕ್ಕಳು ನಗಲು ಹೋಗುವವರು. ಅವರ ಹಗ್ಗ ಕಡಿಯಕೂಡದು.

ಆದರೆ ಕಡಿದದ್ದುಂಟು. 2024ರ ಮೇ ತಿಂಗಳಲ್ಲಿ, ಆಗಿನ ರಾಮನಗರ ಜಿಲ್ಲೆಯ ಹಾರೋಹಳ್ಳಿಯ ಸಮೀಪ, ವಿಹಾರಕ್ಕೆಂದು ಹೋದ ಮಹಿಳೆಯೊಬ್ಬರು ಜಿಪ್‌ಲೈನಿನ ಹಗ್ಗ ತುಂಡಾಗಿ ತೀರಿಕೊಂಡರು. 2025ರ ಏಪ್ರಿಲಿನಲ್ಲಿ ನಮ್ಮದೇ ಪುಣೆ ಜಿಲ್ಲೆಯ ಭೋರ್ ತಾಲೂಕಿನ ಉದ್ಯಾನವೊಂದರಲ್ಲಿ ಯುವತಿಯೊಬ್ಬಳು ಸುಮಾರು 30 ಅಡಿ ಎತ್ತರದಿಂದ ಬಿದ್ದು ಸತ್ತಳು. ಪತ್ರಿಕೆಗಳ ವರದಿಯಂತೆ ಅಲ್ಲಿ ತಂತಿ ಹರಿದಿರಲಿಲ್ಲ. ತಂತಿಗೆ ಕೊಂಡಿ ಹಾಕಿಕೊಳ್ಳುವ ಹೊತ್ತಿನಲ್ಲಿ ವೇದಿಕೆಯ ಮೇಲೆಯೇ ಕಾಲು ಜಾರಿತ್ತು. ಈ ಎರಡನ್ನೂ ಜೊತೆಗಿಟ್ಟು ನೋಡಿರಿ. ತಂತಿ ಗಟ್ಟಿಯಾಗಿದ್ದರೆ ಮಾತ್ರ ಸಾಲದು. ಮೆಟ್ಟಿಲಿನ ಬುಡದಿಂದ ಇಳಿಯುವ ದಂಡೆಯವರೆಗೆ ಮಗು ಒಂದು ಕ್ಷಣವೂ ಕೊಂಡಿಯಿಲ್ಲದೆ ಎತ್ತರದಲ್ಲಿ ನಿಲ್ಲಬಾರದು. ಇದನ್ನು ಬಲ್ಲವನೇ ಯೋಗ್ಯ ಗುತ್ತಿಗೆದಾರ.

ಇನ್ನು ಲೆಕ್ಕದ ಮಾತು. ತಂತಿಯನ್ನು ಬಿಗಿಯಾಗಿ ಎಳೆದಷ್ಟೂ ಭದ್ರವೆಂದು ನಮ್ಮಲ್ಲಿ ಅನೇಕರ ಭಾವನೆ. ವಾಸ್ತವ ಅದಕ್ಕೆ ವಿರುದ್ಧ. ನೂರು ಮೀಟರು ಉದ್ದದ ತಂತಿಯ ನಡುಮಧ್ಯದಲ್ಲಿ 80 ಕಿಲೋ ತೂಕದ ಮನುಷ್ಯ ತೂಗಿದಾಗ ತಂತಿ 5 ಮೀಟರು ಬಾಗಿದರೆ, ಸ್ಥೂಲ ಲೆಕ್ಕದಲ್ಲಿ ಅದರ ಮೇಲೆ 400 ಕಿಲೋ ಎಳೆತ ಬೀಳುತ್ತದೆ. ಬಾಗುವುದು ಎರಡೇ ಮೀಟರಾದರೆ ಎಳೆತ 1000 ಕಿಲೋ. ಮನುಷ್ಯ ಅವನೇ, ತಂತಿ ಅದೇ. ಬಿಗಿತ ಹೆಚ್ಚಿದ್ದಕ್ಕೆ ಭಾರ ಎರಡೂವರೆ ಪಟ್ಟು! ತಂತಿಯ ಸ್ವಂತ ತೂಕ, ಗಾಳಿ, ನಿಲ್ಲಿಸುವಾಗಿನ ಜಗ್ಗಾಟ ಇದರಲ್ಲಿ ಸೇರಿಲ್ಲ. ಈ ಎಳೆತವೆಲ್ಲ ಕೊನೆಗೆ ಕಂಬಕ್ಕೂ ಅದರ ಬುಡದ ನೆಲಕ್ಕೂ ಹೋಗಿ ಮುಟ್ಟುತ್ತದೆ. ನಮ್ಮ ಸುತ್ತಿನ ಕಪ್ಪು ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುವಂಥದು. ಅದರಲ್ಲಿ ಗುಂಡಿ ತೋಡಿ ಕಂಬ ನಿಲ್ಲಿಸಿದರೆ ಅದು ಜಾಗ ಬಿಡದೆ ಇರದು. ಬುಡ ಕೆಳಗಿನ ಗಟ್ಟಿ ಮುರುಮಿಗೋ ಬಂಡೆಗೋ ಇಳಿಯಬೇಕು. ಆದುದರಿಂದ ನೆಲ ಅಗೆದು ನೋಡದೆ ದರ ಹೇಳುವವನು ಊಹೆಯಿಂದ ಹೇಳುತ್ತಿದ್ದಾನೆಂದು ತಿಳಿಯಿರಿ.

ಈಗ ನಮಗೆ ಬಂದ ಮೂವರ ಸಂಗತಿ. ಮೊದಲನೆಯವನ ದರ ಎಲ್ಲರಿಗಿಂತ ಕಡಮೆ. ನಕ್ಷೆಯೆಲ್ಲಿ, ಎಳೆತದ ಲೆಕ್ಕವೆಲ್ಲಿ ಎಂದು ಕೇಳಿದೆವು. "ಹತ್ತು ವರ್ಷದಿಂದ ಕಟ್ಟುತ್ತಿದ್ದೇನೆ ಸಾಹೇಬರೇ, ಒಂದೂ ಬಿದ್ದಿಲ್ಲ" ಎಂದ. ಎರಡನೆಯವನು ಬಣ್ಣದ ಚಿತ್ರಗಳ ದೊಡ್ಡ ಪುಸ್ತಕವನ್ನೇ ತಂದ. ವಿಮೆಯ ಪತ್ರ ಕೇಳಿದಾಗ ಅವನು ಕೊಟ್ಟದ್ದರ ಅವಧಿ ಮುಗಿದು ಏಳು ತಿಂಗಳಾಗಿತ್ತು. ಮೂರನೆಯವನ ದರ ಮೊದಲನೆಯದರ ಒಂದೂವರೆ ಪಟ್ಟು. ಅವನು ದರ ಹೇಳುವ ಮುನ್ನ ನಮ್ಮನ್ನೇ ಪ್ರಶ್ನೆ ಕೇಳಿದ. ಮಕ್ಕಳ ವಯಸ್ಸೆಷ್ಟು? ಅತಿ ಹಗುರವಾದವನ ತೂಕವೆಷ್ಟು, ಅತಿ ಭಾರದವನದೆಷ್ಟು? ದಿನವೂ ನಡೆಸುವವರು ಯಾರು? ಜಾಗ ನೋಡಿದ ಮೇಲೆ, ನಾವು ತೋರಿಸಿದ ಹಳೆಯ ಮರಕ್ಕೆ ತಂತಿ ಕಟ್ಟಲಾರೆನೆಂದು ಹೇಳಿದ. ಅದರ ಬುಡ ಪೊಳ್ಳಾಗಿದೆಯೋ ಇಲ್ಲವೋ ಬಲ್ಲವರಿಂದ ಪರೀಕ್ಷೆಯಾಗಬೇಕೆಂದ. ಆಗುವುದಿಲ್ಲ ಎನ್ನಬಲ್ಲ ಗುತ್ತಿಗೆದಾರ ಅಪರೂಪ, ಬಂಧುಗಳೇ. ಅವನ "ಆಗುವುದಿಲ್ಲ"ಕ್ಕೂ ಬೆಲೆಯಿದೆ.

ಹಾಗೆಂದು ಅವನ ಮಾತನ್ನೂ ಕಣ್ಣು ಮುಚ್ಚಿ ನಂಬಬೇಕೆಂದಲ್ಲ. ಮೂವರಿಗೂ ಒಂದೇ ಪ್ರಶ್ನೆಗಳನ್ನು ಬರೆದು ಕಳಿಸಬೇಕು, ಉತ್ತರವನ್ನು ಬರವಣಿಗೆಯಲ್ಲೇ ಪಡೆಯಬೇಕು.

ಒಂದು: ಯಾವ ಮಾನಕದಂತೆ ಕಟ್ಟುವಿರಿ? ಹಗ್ಗದ ಅಂಗಳಗಳಿಗೆಂದೇ ಯುರೋಪಿನಲ್ಲಿ ಇಎನ್ 15567 ಎಂಬ ಮಾನಕವಿದೆ; ಅದರ ಮೊದಲ ಭಾಗ ಕಟ್ಟುವುದಕ್ಕೆ, ಎರಡನೆಯದು ನಡೆಸುವುದಕ್ಕೆ. ಅಮೆರಿಕದಲ್ಲಿ ಈ ಕಸುಬಿನವರ ಸಂಸ್ಥೆಯಾದ ಎಸಿಸಿಟಿಯ ಮಾನಕವಿದೆ. ನಮ್ಮ ಕೇಂದ್ರ ಪ್ರವಾಸೋದ್ಯಮ ಮಂತ್ರಾಲಯದ 2018ರ ಸಾಹಸ ಪ್ರವಾಸ ಮಾರ್ಗಸೂಚಿಗಳೂ ಇವೆ. ಯಾವುದನ್ನೂ ಹೆಸರಿಸಲಾರದವನಿಗೆ ನಮಸ್ಕಾರ ಹೇಳಿ ಕಳಿಸಬೇಕು.

ಎರಡು: ಲೆಕ್ಕಕ್ಕೆ ಸಹಿ ಹಾಕುವ ಇಂಜಿನಿಯರು ಯಾರು? ತಂತಿ, ರಾಟೆ, ಸೊಂಟಪಟ್ಟಿ, ಕೊಂಡಿಗಳಿಗೆ ತಯಾರಕರ ಪ್ರಮಾಣಪತ್ರವಿದೆಯೇ? ಗುಜರಿಯಿಂದ ತಂದ ಕ್ರೇನಿನ ಹಗ್ಗ ನಮಗೆ ಬೇಡ. ತಂತಿಯ ತುದಿಯನ್ನು ಮಡಿಸಿ ಕ್ಲಿಪ್ಪು ಹಾಕಿದ್ದನ್ನು ನಾವೂ ನೋಡಬಲ್ಲೆವು. ಕ್ಲಿಪ್ಪಿನ ತಡಿ ಭಾರ ಹೊರುವ ಎಳೆಯ ಮೇಲೆ ಕೂತಿರಬೇಕು, ಯು-ಬೋಲ್ಟು ಗಿಡ್ಡ ತುದಿಯನ್ನು ಒತ್ತಬೇಕು. ತಿರುವುಮುರುವಾಗಿ ಹಾಕಿದವನು ಕಸುಬು ಕಲಿತವನಲ್ಲ.

ಮೂರು: ಜಾರಿ ಬರುವವನನ್ನು ನಿಲ್ಲಿಸುವುದು ಯಾವುದು? ಮೊದಲ ತಡೆ ಕೈಕೊಟ್ಟರೆ ಎರಡನೆಯದು ಯಾವುದು? ಮಗುವಿನ ಕೈಗವಸೇ ತಡೆಯೆಂದರೆ ಒಪ್ಪಬಾರದು. ಹಗ್ಗದಿಂದ ಹಗ್ಗಕ್ಕೆ ದಾಟುವಾಗ ಎರಡು ಕೊಂಡಿಗಳೂ ಒಮ್ಮೆಗೆ ಬಿಚ್ಚದಂತೆ ಏನು ಏರ್ಪಾಡು? ನಡುವೆ ಸಿಕ್ಕಿಬಿದ್ದವನನ್ನು ಇಳಿಸುವ ಬಗೆಯನ್ನು ನಮ್ಮೆದುರಿಗೆ ಮಾಡಿ ತೋರಿಸುವಿರಾ?

ನಾಲ್ಕು, ಎಲ್ಲಕ್ಕಿಂತ ದೊಡ್ಡದು: ನೀವು ಕಟ್ಟಿದ್ದನ್ನು ನೀವಲ್ಲದೆ ಬೇರೆ ಯಾರು ಪರೀಕ್ಷಿಸುವರು? ನಮ್ಮಲ್ಲಿ ಹಿರಿಯರು ದುಡಿದದ್ದು 1948ರ ಕಾರ್ಖಾನೆ ಕಾಯಿದೆಯ ಕೆಳಗೆ. ಭಾರ ಎತ್ತುವ ಯಂತ್ರ, ಸರಪಳಿ, ಹಗ್ಗಗಳನ್ನು ಹನ್ನೆರಡು ತಿಂಗಳಿಗೊಮ್ಮೆಯಾದರೂ ಯೋಗ್ಯ ವ್ಯಕ್ತಿ ಪೂರ್ಣವಾಗಿ ಪರೀಕ್ಷಿಸಬೇಕೆಂದು ಅದರ 29ನೆಯ ಕಲಮು ವಿಧಿಸಿತ್ತು. ಕಬ್ಬಿಣದ ಗಟ್ಟಿಯನ್ನು ಎತ್ತುವ ಹಗ್ಗಕ್ಕೆ ಇದ್ದ ಗೌರವ ಮಕ್ಕಳನ್ನು ಎತ್ತುವ ಹಗ್ಗಕ್ಕೆ ಬೇಡವೇ? ಯುರೋಪಿನ ಮಾನಕವೂ ಅದನ್ನೇ ಹೇಳುತ್ತದೆ. ತೆರೆಯುವ ಮುನ್ನ ಒಂದು ಪರೀಕ್ಷೆ, ದಿನವೂ ಆರಂಭಕ್ಕೆ ಮೊದಲು ಕಣ್ಣಿನ ಪರೀಕ್ಷೆ, ಕೆಲವು ತಿಂಗಳಿಗೊಮ್ಮೆ ಬಿಡಿಭಾಗಗಳ ಪರೀಕ್ಷೆ, ವರ್ಷಕ್ಕೊಮ್ಮೆ ಪೂರ್ಣ ಪರೀಕ್ಷೆ. ಇವಕ್ಕೆಲ್ಲ ಒಂದು ದಾಖಲೆ ಪುಸ್ತಕವಿರಬೇಕು, ಅದರಲ್ಲಿ ತಾರೀಖು, ಸಹಿ ಇರಬೇಕು.

ಐದು: ನಡೆಸುವ ಹುಡುಗರಿಗೆ ತರಬೇತಿ ಕೊಡುವಿರಾ? ಇಂಥ ಕೆಲಸಕ್ಕೆ ನಿಲ್ಲುವವರು ಬಹುಮಟ್ಟಿಗೆ ಸುತ್ತಲಿನ ಹಳ್ಳಿಗಳ ಬಡ ಹುಡುಗರು. ಭಾನುವಾರ ಹತ್ತು ಗಂಟೆ ಬಿಸಿಲಿನಲ್ಲಿ ನಿಂತು ನೂರಾರು ಕೊಂಡಿ ಹಾಕಿದ ಕೈ ಸಂಜೆಗೆ ತಪ್ಪುವುದು ಸಹಜ. ತಪ್ಪಿದಾಗ ಹಿಡಿದುಕೊಂಡು ಹೋಗುವುದೂ ಅವನನ್ನೇ. ಅವನಿಗೂ ವಿಮೆ, ವಿಶ್ರಾಂತಿ, ನ್ಯಾಯವಾದ ಕೂಲಿ ಸಿಗಬೇಕೆಂಬ ಷರತ್ತು ನಮ್ಮ ಕರಾರಿನಲ್ಲಿ ಇರದಿದ್ದರೆ, ನಾವು ಕಾರ್ಮಿಕರ ಸಂಘವೆಂದು ಹೇಳಿಕೊಳ್ಳುವುದೇಕೆ?

ಮಹಾರಾಷ್ಟ್ರ ಸರಕಾರವು 2021ರ ಆಗಸ್ಟಿನಲ್ಲಿ ಸಾಹಸ ಪ್ರವಾಸದ ನೀತಿಯನ್ನು ಹೊರಡಿಸಿ, ಇಂಥ ಚಟುವಟಿಕೆ ನಡೆಸುವವರು ಪ್ರವಾಸೋದ್ಯಮ ಸಂಚಾಲನಾಲಯದಲ್ಲಿ ನೋಂದಾಯಿಸಿಕೊಳ್ಳಬೇಕೆಂದು ವಿಧಿಸಿದೆ. ನಾವು ನಡೆಸುವವರಾದರೆ ನಮ್ಮ ಕರ್ತವ್ಯವೇನೆಂದು ಅಲ್ಲಿ ಮೊದಲೇ ವಿಚಾರಿಸಬೇಕು. ಆದರೆ ಗೋಡೆಗೆ ತೂಗುಹಾಕಿದ ನೋಂದಣಿ ಪತ್ರವು ತಂತಿಯ ಸವೆತವನ್ನು ತಡೆಯದು. ದಿನವೂ ನೋಡುವ ಕಣ್ಣು ಬೇಕು.

ಹಣವೆಲ್ಲಿ ಎಂದು ಖಜಾಂಚಿಯವರು ಕೇಳುತ್ತಾರೆ. ಕೇಳಬೇಕಾದದ್ದೇ. ನಮ್ಮಲ್ಲಿರುವ ಹಣಕ್ಕೆ ಎರಡು ದಾರಿ. ಎಲ್ಲವನ್ನೂ ಅಗ್ಗದವನಿಂದ ಕಟ್ಟಿಸುವುದು. ಇಲ್ಲವೆ ಈ ವರ್ಷ ನೆಲದಿಂದ ಎರಡು ಅಡಿ ಎತ್ತರದ ಹಗ್ಗದ ಆಟಗಳನ್ನಷ್ಟೇ ಯೋಗ್ಯನಿಂದ ಕಟ್ಟಿಸಿ, ಜಿಪ್‌ಲೈನನ್ನು ಹಣ ಕೂಡಿದ ಮೇಲೆ ಮಾಡುವುದು. ನಮ್ಮ ಶಿಫಾರಸು ಎರಡನೆಯದಕ್ಕೆ. ಮಕ್ಕಳು ಒಂದು ವರ್ಷ ಬೇಸರಪಟ್ಟಾರು. ಪಡಲಿ.

ಇಷ್ಟು ವರ್ಷ ಮಾಲೀಕರ ಮುಂದೆ ನಿಂತು ನಮ್ಮ ಸುರಕ್ಷತೆಯನ್ನು ಕೇಳಿದೆವು. ಈ ಕೆಲಸದಲ್ಲಿ ಮಾಲೀಕರು ನಾವೇ. ಬೇರೆಯವರಿಂದ ಕೇಳಿದ್ದನ್ನು ನಾವು ಕೊಡುವ ಸರದಿ ಬಂದಿದೆ. ಮೂವರಿಗೂ ಈ ಐದು ಪ್ರಶ್ನೆಗಳು ಹೋಗಲಿ, ಬರವಣಿಗೆಯ ಉತ್ತರ ಬಾರದೆ ಒಂದು ರೂಪಾಯಿಯೂ ಮುಂಗಡ ಹೋಗದಿರಲಿ ಎಂಬ ಠರಾವನ್ನು ಸಭೆಯ ಮುಂದಿಟ್ಟು, ನಮ್ಮ ಮಾತನ್ನು ಮುಗಿಸುತ್ತೇವೆ.