ಮುಳ್ಳು ಸುಳ್ಳಾಡಿದಾಗ

ಮುಂಡಗೋಡ ತಾಲೂಕಿನ ಪಾಳಾ ಸಮೀಪ ಒಂದು ರಾತ್ರಿ ನನ್ನ ಹಳೆಯ ಕಾರು ನಿಂತುಬಿಟ್ಟಿತು. ಹಿಂದಿನ ಸೀಟಿನಲ್ಲಿ ಜ್ವರದ ಮಗಳು. ಮುಂದೆ, ಪೆಟ್ರೋಲು ಅರ್ಧ ಟಾಕಿ ಇದೆಯೆನ್ನುವ ಮುಳ್ಳು! ಊರಿನ ಹಿರಿಯರೊಬ್ಬರು ತಮ್ಮ ಮೋಟಾರ್‌ಸೈಕಲ್ಲಿನಿಂದ ಎರಡು ಸೀಸೆ ಪೆಟ್ರೋಲು ತೆಗೆದುಕೊಟ್ಟು, “ಮುಳ್ಳು ನಂಬಿ ಬಂದ್ರೇನ್ರೀ?” ಎಂದರು.

1958ರಿಂದ 2014ರವರೆಗೆ ತಯಾರಾದ ಅಂಬಾಸಿಡರಿನಂಥ ಗಾಡಿ ನಿಮ್ಮಲ್ಲಿದ್ದರೆ ಕೇಳಿರಿ. ಟಾಕಿಯೊಳಗೆ ಪೆಟ್ರೋಲಿನ ಮೇಲೆ ತೇಲುವ ಬುರುಡೆಯೊಂದಿದೆ. ಅದು ಏರಿಳಿದಂತೆ ಅದರ ತೋಳು ಸುರುಳಿತಂತಿಯ ಮೇಲೆ ಜಾರಿ ವಿದ್ಯುತ್ತನ್ನು ಹೆಚ್ಚು ಕಡಿಮೆ ಮಾಡುತ್ತದೆ. ಮುಳ್ಳು ಅದಕ್ಕೆ ತಕ್ಕಂತೆ ಆಡುತ್ತದೆ.

ಮೀಟರನ್ನು ಬದಲಿಸಲು ಅವಸರಪಡಬೇಡಿರಿ. ಕೀಲಿ ಬಂದ್ ಮಾಡಿ, ಟಾಕಿಗೆ ಬರುವ ತಂತಿಯನ್ನು ಬಿಚ್ಚಿ, ಯಾವುದಕ್ಕೂ ತಾಗದಂತಿಟ್ಟು ಕೀಲಿ ತಿರುಗಿಸಿರಿ. ಮುಳ್ಳು ಒಂದು ತುದಿಗೆ ಹೋಗಬೇಕು. ಮತ್ತೆ ಬಂದ್ ಮಾಡಿ, ಅದೇ ತಂತಿಯನ್ನು ಗಾಡಿಯ ಬರಿಯ ಲೋಹಕ್ಕೆ ಬಿಗಿದು, ಕೆಲವೇ ಕ್ಷಣ ಕೀಲಿ ತಿರುಗಿಸಿರಿ. ಮುಳ್ಳು ಇನ್ನೊಂದು ತುದಿಗೆ ಸರಿಯಿತೇ? ಹಾಗಾದರೆ ಮೀಟರೂ ತಂತಿಯೂ ನಿರಪರಾಧಿಗಳು. ತಪ್ಪು ಟಾಕಿಯ ಕಡೆಯದು. ಅಲ್ಲಿಯೂ ಮೊದಲು ಅರ್ಥಿಂಗ್ ನೋಡಿರಿ. ನಮ್ಮ ಕಡೆಯ ಮಳೆ, ಕೆಸರಿಗೆ ಅದು ತುಕ್ಕು ಹಿಡಿದಿದ್ದರೆ ಉಪ್ಪುಕಾಗದದಿಂದ ಉಜ್ಜಿದರೆ ಸಾಕು.

ತೂತಾದ ಬುರುಡೆ ಮುಳುಗುತ್ತದೆ, ಮುಳ್ಳು ಸದಾ ಖಾಲಿಯೆನ್ನುತ್ತದೆ. ನನ್ನದರಲ್ಲಿ ತೋಳೇ ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಅದನ್ನು ಬಿಚ್ಚುವ ಕೆಲಸ ಮೇಸ್ತ್ರಿಯದು, ಅದೂ ಬ್ಯಾಟರಿಯ ತಂತಿ ಕಳಚಿದ ಮೇಲೆ. ಟಾಕಿಯ ಬಾಯಿಗೆ ಕಡ್ಡಿ ಗೀರಿ ನೋಡುವ ಶೂರರಿದ್ದಾರೆ; ಪೆಟ್ರೋಲಿನ ಆವಿಗೆ ಒಂದು ಕಿಡಿ ಸಾಕು.

ಮಗಳು ನಾಲ್ಕು ದಿನಕ್ಕೆ ಎದ್ದು ಓಡಾಡಿದಳು. ಪೆಟ್ರೋಲು ಹಾಕಿಸಿದಾಗಲೆಲ್ಲ ಮೈಲಿ ಲೆಕ್ಕ ಬರೆದಿಡುವ ಕೆಲಸ ಈಗ ಅವಳದೇ.