ಗಾಳಿಯ ದಿಕ್ಕು, ಹೊಗೆಯ ದಾರಿ



2019ರಲ್ಲಿ ಆರಂಭವಾದ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮಕ್ಕೆ ಸೇರಿದ ಕರ್ನಾಟಕದ ನಾಲ್ಕು ನಗರಗಳಲ್ಲಿ ಕಲಬುರಗಿಯೂ ಒಂದು. ಅಲ್ಲಿನ ವಾಹನಗಳ ಹೊಗೆ, ರಸ್ತೆಯ ಧೂಳು ವರ್ಷವಿಡೀ ಏಳುತ್ತವೆ. ಆದರೆ ಮಾಲಿನ್ಯ ವರ್ಷವಿಡೀ ಒಂದೇ ತೆರನಾಗಿರುವುದಿಲ್ಲ. ಅದನ್ನು ಹಂಚುವುದು ಗಾಳಿ.

ಮುಂಗಾರಿನಲ್ಲಿ ನೈಋತ್ಯದಿಂದ ಬಿರುಸಾಗಿ ಬೀಸುವ ಮಾರುತ ಧೂಳನ್ನು ಚದುರಿಸುತ್ತದೆ, ಮಳೆ ತೊಳೆಯುತ್ತದೆ. ಕಲಬುರಗಿಯ ಈಶಾನ್ಯಕ್ಕಿರುವ ಕಮಲಾಪುರ ಆಗ ನಗರದ ಗಾಳಿಯ ಹಾದಿಯಲ್ಲಿರುತ್ತದೆ. ಚಳಿಗಾಲದಲ್ಲಿ ಗಾಳಿ ಪೂರ್ವ, ಈಶಾನ್ಯಗಳಿಂದ ಮೆಲ್ಲನೆ ಬೀಸುವುದರಿಂದ ಹೊಗೆಯ ದಾರಿಯೂ ತಿರುಗುತ್ತದೆ. ಮೋಡವಿಲ್ಲದ ರಾತ್ರಿ ನೆಲ ಬೇಗನೆ ತಣಿಯುತ್ತದೆ. ತಣ್ಣನೆಯ ಭಾರವಾದ ಗಾಳಿ ತಗ್ಗಿನಲ್ಲಿ ನಿಂತರೆ, ಬೆಚ್ಚನೆಯದು ಅದರ ಮೇಲೆ ಮುಚ್ಚಳವಾಗುತ್ತದೆ. ಇದೇ ಉಷ್ಣಾಂಶದ ವಿಲೋಮತೆ. ಹೊಗೆ ಮೇಲೇರಲಾರದು, ಬಿಸಿಲೇರಿದ ಮೇಲಷ್ಟೇ ಮುಚ್ಚಳ ಒಡೆಯುತ್ತದೆ.

ತೊಗರಿ ರಾಶಿಯ ಕಾಲವೂ ಇದೇ. ಸಂಜೆ ಹೊಲದಲ್ಲಿ ಕಸಕ್ಕೆ ಹಚ್ಚಿದ ಬೆಂಕಿಯ ಹೊಗೆ ಬೆಳಗಿನವರೆಗೂ ಊರಿನಲ್ಲೇ ಉಳಿದು, ಮಕ್ಕಳ ಮತ್ತು ವೃದ್ಧರ ಎದೆಗೂಡು ಸೇರುತ್ತದೆ. ಸೂಕ್ಷ್ಮಕಣಗಳಿಗೆ ದೇಶದ ದಿನದ ಮಿತಿ ಘನಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ್ದು 15.

ಗಾಳಿಯನ್ನು ತಿರುಗಿಸುವುದು ಯಾರ ಕೈಯಲ್ಲೂ ಇಲ್ಲ. ಬೆಂಕಿ ಹಚ್ಚದಿರುವುದು ಎಲ್ಲರ ಕೈಯಲ್ಲಿದೆ. ತೊಗರಿ ಹೊಟ್ಟು ದನಗಳಿಗಾಗಲಿ, ಕಸ ಗೊಬ್ಬರದ ಗುಂಡಿಗೆ ಸೇರಲಿ.